ಇರಲಿ ಅಂತ ಒಂದು ಚೀಲ

ನಮ್ಮತ್ತೆಗೆ ಕೆಲಸದ ಕಡೆಯವರು ಇಟ್ಟ ಹೆಸರು ಖಾರದಮ್ಮ. ಅಡುಗೆಗೆ ಖಾರ ಹಾಕಿ ಬಂದ ಹೆಸರಲ್ಲ ಅದು. ಅಡುಗೆಮನೆಗೆ ಅವರು ಕಾಲಿಡುವುದೇ ಅಪರೂಪ. ಎಣ್ಣೆ ಬಾವಿಗಳ ಬಯಲಿನಲ್ಲಿ ಅತ್ತೆಗಿದ್ದ ಕೆಲಸ ಕ್ಷಾರ ಕಲಸುವುದು. ಕಾಸ್ಟಿಕ್ ಸೋಡಾದ ಚೀಲ ಒಡೆದು, ದೊಡ್ಡ ತೊಟ್ಟಿಯ ನೀರಿಗೆ ಸುರಿದು, ಕರಗಿಸಿ, ಪಂಪಿನಲ್ಲಿ ನೆಲದ ಕೆಳಗೆ ಕಳಿಸುವುದು. ಮೊದಮೊದಲು ಕ್ಷಾರದಮ್ಮ ಎನ್ನುತ್ತಿದ್ದರಂತೆ. ಆ ‘ಕ್ಷ’ಕ್ಕೆ ನಾಲಿಗೆ ಹೊರಳದವರು ಖಾರದಮ್ಮ ಎಂದರು. ಆಮೇಲೆ ಅತ್ತೆಯ ಬಾಯಿಯ ರುಚಿ ನೋಡಿದವರೆಲ್ಲ ಇದೇ ಸರಿ ಎಂದು ಅದನ್ನೇ ಖಾಯಂ ಮಾಡಿಬಿಟ್ಟರು.

ನಾನು ಈ ಮನೆಗೆ ಸೊಸೆಯಾಗಿ ಬಂದವಳು. ಬರಬರುತ್ತಾ ಕಂಡದ್ದೇನೆಂದರೆ, ಇಡೀ ಮನೆ ಒಂದೇ ಪೈಪಿಗೆ ಜೋತುಬಿದ್ದಿದೆ. ಪೈಪಿನ ಆ ತುದಿಯಲ್ಲಿ ಅತ್ತೆ ಕ್ಷಾರದ ನೀರನ್ನು ನೆಲದೊಳಕ್ಕೆ ತಳ್ಳುತ್ತಾರೆ. ಈ ತುದಿಯಲ್ಲಿ, ಬಾವಿಯಿಂದ ಮೇಲೆ ಬಂದದ್ದನ್ನು ಮಾವ ಟ್ಯಾಂಕಿನಲ್ಲಿ ಹಿಡಿದು ಎಣ್ಣೆ ಬೇರೆ, ನೀರು ಬೇರೆ ಮಾಡುತ್ತಾರೆ. ಎರಡೂ ಅಲ್ಲದ ಕೆಸರನ್ನು ಲಾರಿಗೆ ಹೀರಿಕೊಂಡು ಹೋಗಿ ದೂರದ ಗುಂಡಿಗೆ ಸುರಿಯುವುದು ನನ್ನ ಪಾಲಿಗೆ ಬಂತು. ನನ್ನ ಗಂಡ ಒಬ್ಬನೇ ಈ ಪೈಪಿನಿಂದ ತಪ್ಪಿಸಿಕೊಂಡು ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಾನೆ. ಸಂಜೆ ನಾವು ಮೂವರೂ ಬರುವ ಹೊತ್ತಿಗೆ ಅಡುಗೆ ಮುಗಿಸಿ, ಬೂಟು ಹೊರಗೇ ಬಿಡಿ ಎಂದು ಒಳಗಿನಿಂದ ಕೂಗುತ್ತಾನೆ.

ನಮ್ಮ ಬಯಲಿನ ಎಣ್ಣೆ ಶುದ್ಧ ಸೋಮಾರಿ. ಕಾಕಂಬಿಯಷ್ಟು ದಪ್ಪ, ಕರ್ರಗೆ, ಮರಳಿಗೆ ಅಂಟಿಕೊಂಡು ಕೂತರೆ ಜಪ್ಪಯ್ಯ ಅಂದರೂ ಏಳುವುದಿಲ್ಲ. ನೀರು ನುಗ್ಗಿಸಿ ತಳ್ಳಿದರೆ ನೀರು ಪಕ್ಕದಲ್ಲೇ ದಾರಿ ಮಾಡಿಕೊಂಡು ಬಂದುಬಿಡುತ್ತದೆ, ಎಣ್ಣೆ ಇದ್ದಲ್ಲೇ ಇರುತ್ತದೆ. ಹೀಗಾಗಿ ಒಂದೊಂದೇ ಬಾವಿಯ ಬಾಯಿಗೆ ಸಿಮೆಂಟು ತುಂಬಿ ಮುಚ್ಚುತ್ತಾ ಬಂದರು. ಉಳಿದದ್ದರಲ್ಲಿ ಎಲ್ಲಕ್ಕಿಂತ ಹಳೆಯದು ಅತ್ತೆಯ ಶೆಡ್ಡಿನ ಹಿಂದಿನ ಬಾವಿ. ಅದನ್ನು ಎಲ್ಲರೂ ಮುದುಕಿ ಎನ್ನುತ್ತಾರೆ. ಅತ್ತೆ ಮದುವೆಯಾಗಿ ಬಂದ ಹೊಸದರಲ್ಲಿ ಅದರ ಸುತ್ತ ಕಸ ಗುಡಿಸುವ ಕೆಲಸಕ್ಕೆ ಸೇರಿದವರು. ಆಮೇಲೆ ಅದರ ಪಂಪಿಗೆ ಗ್ರೀಸು ಹಚ್ಚಿದರು, ಅದರ ಗೇಟಿಗೆ ಬಣ್ಣ ಬಳಿದರು. ಅತ್ತೆಗೂ ವಯಸ್ಸಾಯಿತು, ಮುದುಕಿಗೂ ವಯಸ್ಸಾಯಿತು. ‘ಇನ್ನೇನು ಮುಗೀತಲ್ಲ’ ಎಂದು ಯಾರಾದರೂ ಬಾವಿಯನ್ನು ತೋರಿಸಿ ಹೇಳಿದರೆ ಅತ್ತೆ ತಮಗೇ ಹೇಳಿದರೇನೋ ಎಂಬ ಹಾಗೆ ಉರಿದುಬೀಳುತ್ತಿದ್ದರು.

ಆಗ ಬಂದವಳು ಲ್ಯಾಬಿನ ಹುಡುಗಿ. ರಸಾಯನಶಾಸ್ತ್ರ ಓದಿದವಳು, ಕೈಯಲ್ಲಿ ಸದಾ ಒಂದು ಗಾಜಿನ ನಳಿಕೆ. ಮುದುಕಿಯ ಎಣ್ಣೆಯನ್ನು ಪರೀಕ್ಷೆ ಮಾಡಿ, ‘ಇದರಲ್ಲಿ ಆಮ್ಲ ಇದೆ. ಹಾಗಾದ್ರೆ ನಮಗೆ ಅದೃಷ್ಟ’ ಅಂದಳು. ಅದೃಷ್ಟ ಹೇಗೆ ಎಂದು ಅತ್ತೆ ಕೇಳಿದರು. ಅವಳು ಶೆಡ್ಡಿನ ಮೆಟ್ಟಿಲ ಮೇಲೆ ಕೂತು ಹೇಳಿಕೊಟ್ಟಳು.

‘ಎಣ್ಣೆಯಲ್ಲಿರೋ ಆಮ್ಲಕ್ಕೆ ಕ್ಷಾರ ಸಿಕ್ಕಿದ್ರೆ ಏನಾಗುತ್ತೆ ಅಮ್ಮಾ? ಸೋಪ್ ಆಗುತ್ತೆ. ನಾವು ಮೇಲಿಂದ ಸೋಪ್ ಹಾಕೋದೇ ಬೇಡ, ಅದು ಕೆಳಗೇ ತಾನಾಗಿ ತಯಾರಾಗುತ್ತೆ. ಜಿಡ್ಡು ಪಾತ್ರೆಗೆ ಸೋಪ್ ತಾಗಿದ್ರೆ ಜಿಡ್ಡು ಬಿಡೋದಿಲ್ವಾ? ಹಾಗೇ ಮರಳಿನಿಂದ ಎಣ್ಣೆ ಬಿಡುತ್ತೆ. ಕೆಳಗೆ ಇನ್ನೂ ಅರ್ಧಕ್ಕಿಂತ ಜಾಸ್ತಿ ಎಣ್ಣೆ ಕೂತಿದೆ.’

‘ಅರ್ಧಕ್ಕಿಂತ ಜಾಸ್ತಿನಾ?’ ಅತ್ತೆ ಎದ್ದು ನಿಂತರು. ‘ಮತ್ತೆ ಈ ಜನ ಮುಗೀತು ಮುಗೀತು ಅಂತ ಬಡ್ಕೋತಾರಲ್ಲ!’

ಹೀಗೆ ಶೆಡ್ಡಿನಲ್ಲಿ ಕ್ಷಾರದ ಕೆಲಸ ಶುರುವಾಯಿತು, ಕಲಸುವುದು ಅತ್ತೆಗೆ ಬಂತು. ಮೊಣಕೈ ತನಕ ರಬ್ಬರ್ ಕೈಗವಸು, ರಬ್ಬರ್ ಏಪ್ರನ್, ಮೂಗಿನ ಮೇಲೆ ಗುರುತು ಬೀಳುವಷ್ಟು ಬಿಗಿಯಾದ ಕನ್ನಡಕ. ತೊಟ್ಟಿಗೆ ಸೋಡಾ ಬಿದ್ದ ಕೂಡಲೇ ನೀರು ತಾನೇ ಬಿಸಿಯಾಗಿ ಆವಿ ಬಿಡುತ್ತದೆ. ಆ ಆವಿಗೆ ಮುಖ ತಿರುಗಿಸಿ, ಕೋಲಿನಲ್ಲಿ ಕಲಕುತ್ತಾ ಅತ್ತೆ ಮುದುಕಿಯ ಜೊತೆ ಮಾತಾಡುತ್ತಿದ್ದರು. ಇಷ್ಟು ಖುಷಿಯಿಂದ ಅವರು ಯಾವ ಕೆಲಸ ಮಾಡಿದ್ದನ್ನೂ ನಾನು ನೋಡಿಲ್ಲ. ಹುಡುಗಿ ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದಳು: ಒಂದು ತೊಟ್ಟಿಗೆ ನಾಲ್ಕು ಚೀಲ. ಅಷ್ಟು ಬರೆದು ಸ್ವಲ್ಪ ದಿನಕ್ಕೆ ಅವಳಿಗೆ ಬೇರೆ ಬಯಲಿಗೆ ವರ್ಗವಾಯಿತು. ಹೋಗುವಾಗ ಅತ್ತೆಯ ಕೈ ಹಿಡಿದು, ‘ಏನೇ ಆದ್ರೂ ನಂಗೆ ಫೋನ್ ಮಾಡಿ’ ಅಂದು ಹೋದಳು.

ಇಲ್ಲಿ ನಮ್ಮತ್ತೆಯ ಒಂದು ಗುಣ ಹೇಳಲೇಬೇಕು. ಅವರ ಕೈಗೆ ಅಳತೆ ಎನ್ನುವುದು ಒಗ್ಗುವುದಿಲ್ಲ. ಬಟ್ಟೆಗೆ ಒಂದು ಚಮಚ ಸೋಪಿನ ಪುಡಿ ಸಾಕು ಅಂದರೆ ಎರಡು. ಗೋಡೆಗೆ ಒಂದು ಮೊಳೆ ಸಾಕು ಅಂದರೆ ಪಕ್ಕಕ್ಕೆ ಇನ್ನೊಂದು. ಯಾಕತ್ತೆ ಅಂದರೆ ಒಂದೇ ಉತ್ತರ: ‘ಇರ್ಲಿ ಅಂತ.’ ನನ್ನ ಚಳಿಗಾಲದ ಕೋಟಿಗೆ ಇರಲಿ ಅಂತ ಹೊಲಿದ ಹೆಚ್ಚಿನ ಗುಂಡಿಗಳನ್ನು ಇವತ್ತಿಗೂ ಹಾಕಲಾರದೆ ತೆಗೆಯಲಾರದೆ ಒದ್ದಾಡುತ್ತಿದ್ದೇನೆ. ಇಂಥವರ ಕೈಗೆ ಕ್ಷಾರದ ಚೀಲ ಕೊಟ್ಟರೆ ಏನಾಗಬೇಕೋ ಅದೇ ಆಯಿತು. ಒಂದು ಸಂಜೆ ಊಟಕ್ಕೆ ಕೂತಾಗ ತಾವೇ ಹೆಮ್ಮೆಯಿಂದ ಹೇಳಿದರು.

‘ನಾಲ್ಕು ಚೀಲ ಏನು ಸಾಕಾಗುತ್ತೆ ಅದಕ್ಕೆ! ಎಷ್ಟು ವರ್ಷದ ಜಿಡ್ಡು. ನಾನು ಐದು ಹಾಕ್ತೀನಿ. ಇರ್ಲಿ ಅಂತ.’

ಮಾವ ತಟ್ಟೆಯಿಂದ ತಲೆ ಎತ್ತಲಿಲ್ಲ. ‘ನಂಗೇನೂ ಕೇಳಿಸಲಿಲ್ಲ’ ಅಂದರು. ಮಾವ ರೂಲಿನ ಮನುಷ್ಯ. ರೂಲಿನಲ್ಲಿ ಇಲ್ಲದ್ದು ಅವರ ಕಿವಿಗೂ ಬೀಳುವುದಿಲ್ಲ.

ಆಮೇಲೆ ಮುದುಕಿ ಬಣ್ಣ ಬದಲಾಯಿಸಿದಳು. ಅಷ್ಟು ದಿನ ಬರೀ ಮಣ್ಣುನೀರು ಉಗುಳುತ್ತಿದ್ದ ಪೈಪಿನಲ್ಲಿ ಹಾಲು ಹೆಚ್ಚಾದ ಕಾಫಿಯ ಬಣ್ಣದ್ದು, ನೊರೆ ನೊರೆಯಾಗಿ, ಮಂದವಾಗಿ ಬಂತು. ಅತ್ತೆ ಏಪ್ರನ್ ಬಿಚ್ಚದೆ ಟ್ಯಾಂಕಿನ ತನಕ ಓಡಿದರು. ‘ಬಂತು ನೋಡ್ರೀ! ಎಣ್ಣೆ ಬಂತು!’

ಮಾವ ತಮ್ಮ ಗಾಜಿನ ಜಾಡಿಗೆ ಅದನ್ನು ಹಿಡಿದು ಕಿಟಕಿಯ ಮೇಲಿಟ್ಟರು. ರೂಲು ಹೀಗಿದೆ: ಒಂದು ಪಾಳಿ ಮುಗಿಯುವುದರೊಳಗೆ ಜಾಡಿಯಲ್ಲಿ ಗೆರೆ ಬೀಳಬೇಕು. ಗೆರೆಯ ಮೇಲಿನದು ಎಣ್ಣೆ, ಕೆಳಗಿನದು ನೀರು. ಗೆರೆ ಬೀಳದಿದ್ದರೆ ಕೆಸರು. ಪಾಳಿ ಮುಗಿಯಿತು, ಕಾಫಿ ಕಾಫಿಯಾಗಿಯೇ ನಿಂತಿತ್ತು. ಮಾವ ಕೆಸರಿನ ವಾಲ್ವು ತಿರುಗಿಸಿದರು. ನಾನು ಲಾರಿಗೆ ತುಂಬಿಕೊಂಡು ಹೋಗಿ ಗುಂಡಿಗೆ ಸುರಿದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು, ಮನುಷ್ಯರಲ್ಲ.

‘ನೆಲದಿಂದ ನಾನು ಎಬ್ಬಿಸಿ ಕಳಿಸಿದ ಎಣ್ಣೆನ ಮೋರಿಗೆ ಬಿಡ್ತೀರಲ್ಲ, ಕಣ್ಣು ಕಾಣುತ್ತೋ ಇಲ್ವೋ?’ ಎಂದು ಅತ್ತೆ ಕೇಳಿದರೆ, ಮಾವ ‘ರೂಲ್ ಪ್ರಕಾರ ಅದು ಕೆಸರು’ ಎನ್ನುವರು. ‘ನಿಮ್ಮ ರೂಲಿಗೆ ಬೆಂಕಿ ಹಾಕ!’ ಎಂದು ಅತ್ತೆ ಪಾತ್ರೆ ಕುಕ್ಕುವರು. ನನ್ನ ಗಂಡ ನಡುವೆ ಕೂತು ಮಕ್ಕಳ ಪರೀಕ್ಷೆಯ ಕಾಗದ ತಿದ್ದುತ್ತಾ, ‘ಆ ಲ್ಯಾಬಿನವರಿಗೆ ಒಂದು ಫೋನ್ ಮಾಡಿದ್ರೆ ಆಯ್ತಲ್ಲಮ್ಮ’ ಎಂದ. ಅತ್ತೆ ಸಿಟ್ಟಿನಿಂದ ಎದ್ದು ಹೋದರು. ಹುಡುಗಿಗೆ ಫೋನ್ ಮಾಡಿದರೆ ಅವಳ ಮೊದಲ ಪ್ರಶ್ನೆ ಅಳತೆಯದ್ದೇ ಎಂದು ಅವರಿಗೆ ಗೊತ್ತಿತ್ತು. ಅಳತೆ ಮೀರಿದ್ದು ಬಯಲಾದರೆ ಶೆಡ್ಡಿನ ಕೆಲಸ ಹೋಗುತ್ತದೆ ಎಂದೂ ಗೊತ್ತಿತ್ತು. ನಮಗೂ ಗೊತ್ತಿತ್ತು, ಹಾಗಾಗಿ ಯಾರೂ ಮತ್ತೆ ಒತ್ತಾಯ ಮಾಡಲಿಲ್ಲ.

ನಮ್ಮ ಮೇಲಿನ ಸಾಹೇಬರಿಗೆ ಇಷ್ಟು ಸಾಕಾಗಿತ್ತು. ಅವರಿಗೆ ಬಾವಿ ಮುಚ್ಚುವುದೆಂದರೆ ಬಲು ಇಷ್ಟ. ಅದಕ್ಕೇ ಅವರನ್ನು ಸಿಮೆಂಟು ಸಾಹೇಬರು ಎನ್ನುತ್ತಿದ್ದೆವು, ಅವರ ಬೆನ್ನ ಹಿಂದೆ. ಕ್ಷಾರದ ಕೆಲಸ ಶುರುವಾದಾಗಿನಿಂದ ಅತ್ತೆಗೂ ಅವರಿಗೂ ಅಷ್ಟಕ್ಕಷ್ಟೇ. ಯಾವ ಮೀಟಿಂಗಿನಲ್ಲಿ ಯಾವ ಮಾತು ಬಂದರೂ ಅತ್ತೆ ಎದ್ದು ನಿಂತು ಏನಾದರೂ ಕೇಳುವರು, ‘ಈಯಮ್ಮ ಎಲ್ಲದಕ್ಕೂ ಹುಳಿ ಹಿಂಡ್ತಾರೆ’ ಎಂದು ಸಾಹೇಬರು ಗೊಣಗುವರು. ಈಗ ಅವರು ತೀರ್ಮಾನ ಮಾಡಿಬಿಟ್ಟರು: ಕ್ಷಾರ ಹಾಕಿಯೂ ಮುದುಕಿಯಿಂದ ಬಂದದ್ದು ಬರೀ ಕೆಸರು, ಮುಚ್ಚಿಬಿಡಿ.

ಸಿಮೆಂಟಿನ ಲಾರಿ ಬೆಳಗ್ಗೆಯೇ ಬಂತು. ಮುಚ್ಚುವ ಮುನ್ನ ಪೈಪು, ಟ್ಯಾಂಕು ಎಲ್ಲ ಖಾಲಿಯಾಗಬೇಕಿತ್ತು. ನಾನು ನನ್ನ ಲಾರಿಯನ್ನು ಹಿಮ್ಮುಖವಾಗಿ ಟ್ಯಾಂಕಿನ ಬಳಿ ತಂದು, ಹೋಸು ಎಳೆದುಕೊಂಡು ಹೋಗಿ ನೋಡಿದರೆ ಕೆಸರಿನ ವಾಲ್ವಿನ ಚಕ್ರಕ್ಕೆ ಬೆನ್ನು ಆನಿಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದಾರೆ. ಮೈಮೇಲೆ ಏಪ್ರನ್, ಕೈಗವಸು, ಕನ್ನಡಕ, ಎಲ್ಲಾ ಇದೆ.

‘ಏಳಿ ಅತ್ತೆ, ಸಾಹೇಬ್ರು ಬರ್ತಿದ್ದಾರೆ’ ಅಂದೆ.

‘ಬರ್ಲಿ. ನಾನೇನು ಅವರ ಕುರ್ಚೀಲಿ ಕೂತಿದ್ದೀನಾ?’

ಸಾಹೇಬರು ಬಂದರು. ಹಿಂದೆ ಸಿಮೆಂಟಿನವರು, ಅವರ ಹಿಂದೆ ಕೆಲಸ ಬಿಟ್ಟು ಬಂದ ಅರ್ಧ ಬಯಲು. ಸಾಹೇಬರು ಅತ್ತೆಯನ್ನು ನೋಡಿದರು, ಮಾವನ ಕಡೆ ತಿರುಗಿದರು.

‘ಏನ್ರೀ ಇದು? ನಿಮ್ಮ ಹೆಂಡತೀನ ಅಲ್ಲಿಂದ ಎಬ್ಬಿಸಿ.’

ಮಾವ ಟೋಪಿ ತೆಗೆದು ತಲೆ ಕೆರೆದರು. ‘ಮೂವತ್ತು ವರ್ಷದಿಂದ ಮನೇಲೇ ಎಬ್ಬಿಸೋಕೆ ಆಗಿಲ್ಲ ಸಾರ್. ಇಲ್ಲಿ ಹೇಗೆ?’

ಹಿಂದೆ ಯಾರೋ ಕಿಸಕ್ಕನೆ ನಕ್ಕರು. ಸಾಹೇಬರ ಕಿವಿ ಕೆಂಪಾಯಿತು.

‘ಟ್ಯಾಂಕಲ್ಲಿರೋದು ಎಣ್ಣೆ’ ಅಂದರು ಅತ್ತೆ. ‘ಇದನ್ನು ಚೆಲ್ಲಿದ್ರೆ ಆಮೇಲೆ ನಾನು ಯಾರಿಗೆ ಏನು ತೋರಿಸ್ಲಿ? ಬಾವೀನೂ ಇರಲ್ಲ, ಎಣ್ಣೇನೂ ಇರಲ್ಲ. ಖಾರದಮ್ಮ ಸುಳ್ಳು ಹೇಳಿದ್ಳು ಅನ್ನೋದು ಮಾತ್ರ ಇರುತ್ತೆ. ನಾನು ಏಳಲ್ಲ.’

‘ಎಣ್ಣೆ ಅಂತ ಯಾರು ಹೇಳಿದ್ದು? ನೀವಾ?’ ಸಾಹೇಬರು ಜೇಬಿನಿಂದ ಫೋನ್ ತೆಗೆದರು. ‘ಸರಿ. ಈ ಕೆಲಸ ಶುರು ಮಾಡಿದವರನ್ನೇ ಕೇಳೋಣ. ಅವರು ಎಣ್ಣೆ ಅಂದ್ರೆ ನಾನು ಲಾರಿ ವಾಪಸ್ ಕಳಿಸ್ತೀನಿ. ಅಲ್ಲ ಅಂದ್ರೆ ನೀವು ಏಳಬೇಕು.’

ಅತ್ತೆಯ ಮುಖ ನೋಡಿದೆ. ಕನ್ನಡಕದ ಹಿಂದೆ ಏನೂ ಕಾಣಲಿಲ್ಲ.

ಫೋನಿನ ಸ್ಪೀಕರಿನಿಂದ ಲ್ಯಾಬಿನ ಹುಡುಗಿಯ ದನಿ ಎಲ್ಲರಿಗೂ ಕೇಳುವ ಹಾಗೆ ಬಂತು. ಸಾಹೇಬರು ವಿಷಯ ಹೇಳಿದರು. ಅವಳು, ‘ಆ ಬಣ್ಣ ಅಂದ್ರೆ ಎಣ್ಣೆ ಎದ್ದಿರಬಹುದು ಸಾರ್’ ಅಂದಳು. ‘ಆದರೆ ನಾನು ಹೇಳಿದ ಅಳತೆಗೆ ಅದು ಬೇರೆ ಆಗಲೇಬೇಕಿತ್ತು. ಹಾಗೆ ಒಂದಕ್ಕೊಂದು ಅಂಟಿಕೊಂಡು ನಿಲ್ಲಬಾರದು. ಆ ಅಳತೇಲೇ ಹೀಗಾಗಿದ್ರೆ ಈ ಬಾವಿಗೆ ಇದು ಒಗ್ಗಲ್ಲ ಅಂತ ನಾನೇ ಒಪ್ಕೋಬೇಕಾಗುತ್ತೆ.’ ಆಮೇಲೆ ಕೇಳಿದಳು: ‘ಅಮ್ಮ ಅಲ್ಲಿದ್ದಾರಾ? ಅಮ್ಮಾ, ಅಳತೆ ಸರಿಯಾಗೇ ಹಾಕಿದ್ರಿ ತಾನೇ?’

ಹೌದು ಅಂದರೆ ಅತ್ತೆಯ ಕೆಲಸ ಉಳಿಯುತ್ತದೆ. ಬೇರೆ ಬಾವಿಗೆ, ಬೇರೆ ತೊಟ್ಟಿಗೆ ಹಾಕುತ್ತಾರೆ. ಮುದುಕಿಯ ಬಾಯಿಗೆ ಸಿಮೆಂಟು ಬೀಳುತ್ತದೆ. ಅಷ್ಟೇ. ಚೀಲದ ವಿಷಯ ಗೊತ್ತಿದ್ದವರು ಮನೆಯವರು ಮಾತ್ರ, ನಾವ್ಯಾರೂ ಬಾಯಿ ಬಿಡುವವರಲ್ಲ. ಮಾವ ನೆಲ ನೋಡುತ್ತಾ ನಿಂತಿದ್ದರು. ಹೌದು ಅಂದುಬಿಡಿ ಅತ್ತೆ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಬಾವಿ ಹೋದರೆ ಹೋಗಲಿ ಅನ್ನಿಸಿತ್ತು ನನಗೆ, ಇದ್ದದ್ದು ಹೇಳುತ್ತೇನೆ.

ಅತ್ತೆ ಕನ್ನಡಕವನ್ನು ಹಣೆಯ ಮೇಲಕ್ಕೆ ಏರಿಸಿದರು.

‘ಇಲ್ಲ ಮಗು. ನೀನು ನಾಲ್ಕು ಬರೆದಿದ್ದೆ. ನಾನು ಐದು ಹಾಕಿದೆ. ದಿನಾ ಐದು.’

‘ಯಾಕಮ್ಮ?’

‘ಇರ್ಲಿ ಅಂತ.’

ಸಾಹೇಬರು ಸುತ್ತಲೂ ತಿರುಗಿ ಎಲ್ಲರನ್ನೂ ನೋಡಿದರು. ‘ಕೇಳಿದ್ರಾ? ಎಲ್ಲರೂ ಕೇಳಿದ್ರಲ್ಲ? ಬರೆದಿದ್ದನ್ನು ಮೀರಿ ತನಗೆ ತೋಚಿದ ಹಾಗೆ ಹಾಕಿದ್ದಾರೆ. ಇನ್ನೇನಿದೆ ಮಾತು? ಏಳಿ ಮೇಲೆ!’

ಅತ್ತೆ ಎದ್ದರು. ಆದರೆ ಪಕ್ಕಕ್ಕೆ ಸರಿಯಲಿಲ್ಲ, ನಿಂತಲ್ಲೇ ನಿಂತು ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

‘ತಪ್ಪು ನಂದು ಸಾರ್, ಬಾವೀದಲ್ಲ. ಸಿಮೆಂಟ್ ಹಾಕೋದಿದ್ರೆ ನನ್ನ ಬಾಯಿಗೆ ಹಾಕಿ, ಅದರ ಬಾಯಿಗೆ ಯಾಕೆ ಹಾಕ್ತೀರಾ? ಖಾರ ಜಾಸ್ತಿ ಆಯ್ತು ಅಂತ ಮಾಡಿದ ಅಡುಗೇನೇ ಮೋರಿಗೆ ಸುರೀತಾರಾ ಯಾರಾದ್ರೂ? ನಿಮ್ಮ ಮನೇಲಿ ಸುರೀತಾರಾ?’

ಫೋನಿನೊಳಗೆ ಹುಡುಗಿ ನಕ್ಕಳು. ಅವಳು ಅಲ್ಲಿದ್ದಾಳೆ ಎನ್ನುವುದೇ ನಮಗೆ ಮರೆತುಹೋಗಿತ್ತು.

‘ಅಮ್ಮ, ಖಾರ ಜಾಸ್ತಿ ಆದ್ರೆ ಏನು ಹಾಕ್ತಾರೆ?’

‘ಹುಳಿ’ ಅಂದರು ಅತ್ತೆ, ಯೋಚನೆ ಮಾಡದೆ.

‘ಅದೇ ಹಾಕಿ. ಸಾರ್, ಕ್ಷಾರ ಜಾಸ್ತಿ ಆಗಿ ಸೋಪ್ ಜಾಸ್ತಿ ಆಗಿದೆ. ಅದೇ ಎಣ್ಣೆ, ನೀರು ಎರಡನ್ನೂ ಹಿಡಿದು ಬಿಡ್ತಾ ಇಲ್ಲ. ಪೈಪ್ ತೊಳೆಯೋ ಆಸಿಡ್ ಇರುತ್ತಲ್ಲ, ಅದನ್ನು ತೆಳು ಮಾಡಿ ಒಂದು ಜಾಡಿಗೆ ಹನಿ ಹನಿ ಹಾಕಿ, ಬಿಸಿನೀರಲ್ಲಿ ಇಟ್ಟು ನೋಡಿ. ಎಣ್ಣೆ ಇದ್ರೆ ಮೇಲೆ ಬರುತ್ತೆ. ಬರದಿದ್ರೆ ಮುಚ್ಚಿ, ನಾನು ಬೇಡ ಅನ್ನಲ್ಲ.’

ಸಾಹೇಬರಿಗೆ ಇಷ್ಟವಿರಲಿಲ್ಲ. ಆದರೆ ಅವರೇ ಎಲ್ಲರ ಮುಂದೆ ಹೇಳಿದ ಮಾತು, ನುಂಗಲಾಗಲಿಲ್ಲ. ಮಾವ ತಮ್ಮ ಕೋಣೆಯ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟರು. ಜಾಡಿಗೆ ಟ್ಯಾಂಕಿನ ಕಾಫಿ ಹಿಡಿದು ತಂದು, ಎಣಿಸಿ ಎಣಿಸಿ ಆಸಿಡ್ಡಿನ ಹನಿ ಬಿಟ್ಟರು. ಕಿಟಕಿಯ ತುಂಬ ಮುಖಗಳು. ಅತ್ತೆ ಮಾತ್ರ ಒಳಗೆ ಬರಲಿಲ್ಲ. ವಾಲ್ವು ಬಿಟ್ಟು ಬಂದರೆ ಯಾರಾದರೂ ತಿರುಗಿಸಿಬಿಟ್ಟಾರು ಎಂದು ಅಲ್ಲೇ ನಿಂತು, ‘ಏನಾಯ್ತು? ಬಾಯಿಬಿಟ್ಟು ಹೇಳ್ರೀ ಯಾರಾದ್ರೂ!’ ಎಂದು ಕೂಗುತ್ತಿದ್ದರು.

ಮೊದಲು ಏನೂ ಆಗಲಿಲ್ಲ. ಸಾಹೇಬರು ಗಡಿಯಾರ ನೋಡಿಕೊಂಡರು. ಆಮೇಲೆ ಕಾಫಿಯೊಳಗೆ ಕಪ್ಪು ಚುಕ್ಕೆಗಳು ಕಂಡವು. ಚುಕ್ಕೆ ಚುಕ್ಕೆ ಸೇರಿ ದಾರವಾಯಿತು, ದಾರಗಳು ಮೆಲ್ಲಗೆ ಮೇಲಕ್ಕೆ ಏರತೊಡಗಿದವು, ಕೆಳಗೆ ನೀರು ತಿಳಿಯಾಗುತ್ತಾ ಬಂತು. ನಡುವೆ ಗೆರೆ ಬಿತ್ತು. ಮಾವ ಜಾಡಿಗೆ ಸ್ಕೇಲು ಹಿಡಿದು, ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದರು. ನೆಟ್ಟಗಾಗಿ ಟೋಪಿ ಹಾಕಿಕೊಂಡರು.

‘ಅರ್ಧ ಜಾಡಿ’ ಅಂದರು. ಆಮೇಲೆ ಸಾಹೇಬರ ಕಡೆ ತಿರುಗಿ, ಒಂದೊಂದೇ ಪದ ಬಿಡಿಸಿ ಹೇಳಿದರು: ‘ರೂಲ್ ಪ್ರಕಾರ ಇದು ಎಣ್ಣೆ ಸಾರ್.’

ಮಾವ ಅತ್ತೆಗಾಗಿ ಇಷ್ಟು ದೊಡ್ಡ ಮಾತು ಆಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹೊರಗೆ ಯಾರೋ ‘ಹುಳಿ ಹಿಂಡಿದ್ರು ನಮ್ಮ ಖಾರದಮ್ಮ!’ ಎಂದು ಕೂಗಿದರು, ಬಯಲೆಲ್ಲ ನಗು. ಸಾಹೇಬರು ಜಾಡಿಯನ್ನು ಎತ್ತಿ ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿದರು. ಹೊರಗೆ ಬಂದು ಸಿಮೆಂಟಿನವರಿಗೆ, ಯಾರ ಮುಖವನ್ನೂ ನೋಡದೆ, ‘ಇರ್ಲಿ ಬಿಡಿ’ ಅಂದರು.

‘ಏನಂದ್ರು? ಏನಂದ್ರು?’ ಎಂದು ಅತ್ತೆ ನನ್ನನ್ನು ಕೇಳಿದರು.

‘ಇರ್ಲಿ ಅಂದ್ರು ಅತ್ತೆ.’

ಆಗ ಅತ್ತೆ ಚಕ್ರ ಬಿಟ್ಟರು. ಕುರ್ಚಿಯ ಮೇಲೆ ಕುಸಿದು ಕೂತು ಕೈಗವಸಿನ ಹಿಂಭಾಗದಿಂದ ಮೂಗು ಒರೆಸಿಕೊಂಡರು. ಅದು ಕ್ಷಾರದ ಕೈಗವಸು, ಮೂಗು ಉರಿದು ಕಣ್ಣಲ್ಲಿ ನೀರು ಬಂತು. ಉರಿಗೆ ಬಂದ ನೀರು ಎಂದು ಅವರು ಇವತ್ತಿಗೂ ಸಾಧಿಸುತ್ತಾರೆ.

ಆದರೆ ಸಾಹೇಬರು ಮರೆಯುವವರಲ್ಲ. ಬಾವಿಯನ್ನು ಬಿಟ್ಟರು, ಅತ್ತೆಯನ್ನು ಬಿಡಲಿಲ್ಲ. ಅಳತೆ ಮೀರಿದ್ದಕ್ಕೆ ಕ್ಷಮೆ ಕೇಳಿ ಬರೆದುಕೊಟ್ಟರೆ ಶೆಡ್ಡಿನಲ್ಲಿ ಉಳಿಯಬಹುದು, ಇಲ್ಲದಿದ್ದರೆ ಗೇಟು ಕಾಯುವ ಕೆಲಸ ಎಂದರು. ನನ್ನ ಗಂಡ ತಾನೇ ಬರೆದುಕೊಡುತ್ತೇನೆ, ಸಹಿ ಮಾಡಿದರೆ ಸಾಕು ಎಂದು ಗೋಗರೆದ.

‘ತಪ್ಪು ಒಪ್ಕೊಂಡಾಯ್ತು, ಅಷ್ಟು ಜನರ ಮುಂದೆ’ ಅಂದರು ಅತ್ತೆ. ‘ಪರೀಕ್ಷೆ ಮಾಡಿಸ್ದೆ ಎಣ್ಣೆನ ಗುಂಡಿಗೆ ಸುರಿಸಿದ ತಪ್ಪನ್ನ ಅವರು ಒಪ್ಕೊಂಡ್ರಾ? ಅವರು ಒಂದು ಬರೀಲಿ, ನಾನೂ ಒಂದು ಬರೀತೀನಿ.’

ಸಾಹೇಬರು ಬರೆಯಲಿಲ್ಲ, ಅತ್ತೆಯೂ ಬರೆಯಲಿಲ್ಲ. ಏಪ್ರನ್ನು, ಕೈಗವಸು, ಕನ್ನಡಕ ನನಗೆ ಬಂದವು. ಗುಂಡಿಗೆ ಒಯ್ಯಲು ಕೆಸರೇ ಇಲ್ಲದ ಮೇಲೆ ಲಾರಿಗೆ ಕೆಲಸವಿರಲಿಲ್ಲ, ನನ್ನನ್ನು ಶೆಡ್ಡಿಗೆ ಹಾಕಿದರು. ಅತ್ತೆಯ ಜಾಗದಲ್ಲಿ ನಿಲ್ಲುವುದಕ್ಕೆ ನನಗೆ ಸಿಟ್ಟೂ ಬಂತು, ನಾಚಿಕೆಯೂ ಆಯಿತು. ಮೊದಲ ದಿನ ನಾಲ್ಕು ಚೀಲ ಸುರಿದು ಕಲಕುತ್ತಿದ್ದೆ. ತಿರುಗಿ ನೋಡಿದರೆ ಹಳದಿ ಗೆರೆಯ ಆಚೆ ಅತ್ತೆ ನಿಂತಿದ್ದಾರೆ. ಒಳಗೆ ಬರಲು ಅವರಿಗೆ ಈಗ ಅನುಮತಿ ಇಲ್ಲ. ಆವಿಯನ್ನು ಮೂಗಿಗೆ ಎಳೆದುಕೊಳ್ಳುವ ಹಾಗೆ ಮುಖ ಮುಂದೆ ಚಾಚಿದ್ದರು.

‘ಎಷ್ಟು ಹಾಕ್ದೆ?’

‘ನಾಲ್ಕು.’

ಅವರ ಕಣ್ಣು ಗೋಡೆಗೆ ಒರಗಿಸಿಟ್ಟ ಐದನೆಯ ಚೀಲದ ಮೇಲೆ ಒಂದು ಗಳಿಗೆ ನಿಂತಿತು. ತುಟಿ ಅಲುಗಿತು. ನುಂಗಿಕೊಂಡರು.

‘ಸರಿಯಾಗಿ ಕಲಕು. ತಳದಲ್ಲಿ ಗಟ್ಟಿ ಕೂರುತ್ತೆ’ ಎಂದಷ್ಟೇ ಹೇಳಿ ಗೇಟಿನ ಕಡೆ ಹೋದರು.

ಈಗ ಅತ್ತೆ ಗೇಟಿನಲ್ಲಿದ್ದಾರೆ. ಅಲ್ಲಿಂದ ಮುದುಕಿಯ ಪಂಪು ತಲೆ ಎತ್ತಿ ಇಳಿಸುವುದು ಕಾಣುತ್ತದೆ. ಕುರ್ಚಿಯನ್ನು ಅವರು ಅತ್ತಲೇ ತಿರುಗಿಸಿ ಹಾಕಿಕೊಂಡಿದ್ದಾರೆ. ನಮ್ಮೆಲ್ಲರ ಗಾಡಿಗೂ ತಕ್ಷಣ ತೆರೆಯುವ ಗೇಟು ಸಾಹೇಬರ ಕಾರು ಬಂದಾಗ ಮಾತ್ರ ಬಹಳ ಭಾರವಾಗುತ್ತದೆ. ಅತ್ತೆ ನಿಧಾನಕ್ಕೆ ಏಳುತ್ತಾರೆ, ನಿಧಾನಕ್ಕೆ ಕೊಂಡಿ ತೆಗೆಯುತ್ತಾರೆ. ಮೊನ್ನೆ ಸಾಹೇಬರು ಕಾರಿನ ಗಾಜು ಇಳಿಸಿ, ಎಲ್ಲರಿಗೂ ಕೇಳುವ ಹಾಗೆ, ‘ಏನಮ್ಮಾ, ಕ್ಷಮಾಪಣೆ ಯಾವಾಗ ಬರೆದು ಕೊಡ್ತೀರಾ?’ ಎಂದು ಕೇಳಿದರು.

ಅತ್ತೆ ಗೇಟನ್ನು ಪೂರ್ತಿ ತೆಗೆದು, ಅದಕ್ಕೆ ಒರಗಿ ನಿಂತು, ಬಾವಿಯ ಕಡೆ ಕೈ ತೋರಿಸಿದರು.

‘ಅದು ಬತ್ತಿದ ದಿನ ಸಾರ್.’